ಜೋಡಿ ಕೊಡೆ

ನಮ್ಮೂರಿನಿಂದ ಹೊರಗೆ ಹೋಗಲು ಒಂದು ಕಾಲುದಾರಿಯಿದೆ, ಬರಲು ಇಲ್ಲ. ಅದೇ ದಾರಿಯನ್ನು ಕೆಳಗಿನಿಂದ ಹತ್ತತೊಡಗಿದರೆ ಬೆಳಗಿನಿಂದ ಬೈಗಿನವರೆಗೆ ನಡೆದು ಕೊನೆಗೆ ಹೊರಟ ಮೈಲಿಗಲ್ಲಿನ ಮುಂದೆಯೇ ನಿಂತಿರುತ್ತೀರಿ. ನನ್ನ ತಾತನ ಕಾಲದಲ್ಲಿ ಸರ್ವೆಯವರು ಸರಪಳಿ ಹಿಡಿದು ಏಳು ದಿನ ಹತ್ತಿದರಂತೆ. ಎಂಟನೆಯ ದಿನ ಅದೇ ಮೈಲಿಗಲ್ಲಿಗೆ ಒರಗಿ ಬುತ್ತಿ ಬಿಚ್ಚಿ ಉಂಡು ಹೊರಟುಹೋದರಂತೆ. ಒಮ್ಮೆ ಹೆಲಿಕಾಪ್ಟರೊಂದು ನಮ್ಮ ಬಯಲಿನಲ್ಲಿ ಇಳಿಯಲು ನೋಡಿತು. ಅದು ಇಳಿದದ್ದೂ ಮೈಲಿಗಲ್ಲಿನ ಪಕ್ಕದಲ್ಲೇ. ಮೇಲಿನಿಂದ ಬಿದ್ದವರು ಮಾತ್ರ ನಮ್ಮೂರು ತಲುಪುತ್ತಾರೆ. ಹಾಗಾಗಿ ಹೊರಗೆ ಹೋದವರೆಲ್ಲ ವಿಮಾನದಿಂದ ಹಾರಿಯೇ ಮನೆಗೆ ಬರಬೇಕು. ವಿಮಾನ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದರೆ, ಆಗ ಹೋದವರು ಬರುತ್ತಿರಲಿಲ್ಲ, ಅಷ್ಟೇ.

ಇದರಲ್ಲಿ ನಮಗೆ ಹೆಚ್ಚುಗಾರಿಕೆಯೇನೂ ಕಾಣುವುದಿಲ್ಲ. ಪ್ಯಾರಾಚೂಟಿಗೆ ನಾವು ಕೊಡೆ ಎನ್ನುತ್ತೇವೆ. ಮಕ್ಕಳು ಮಗ್ಗಿ ಕಲಿಯುವ ಮೊದಲು ಕೊಡೆ ಮಡಚುವುದನ್ನು ಕಲಿಯುತ್ತಾರೆ. ಮಂಗಳವಾರ ಉಪ್ಪು, ಅಕ್ಕಿ, ಬೆಲ್ಲದ ಮೂಟೆಗಳು ಬೀಳುವ ದಿನವಾದ್ದರಿಂದ ಅಂದು ಯಾರೂ ಮಾಳಿಗೆಯ ಮೇಲೆ ಹಪ್ಪಳ ಒಣಗಹಾಕುವುದಿಲ್ಲ. ಹೊರಗಿನ ಹೆಣ್ಣು ತಂದರೆ, ಬೀಗರು ಇಳಿದು ತಲೆ ಬಾಚಿಕೊಳ್ಳಲೆಂದು ಅರ್ಧ ಗಂಟೆ ಬಿಟ್ಟೇ ಮುಹೂರ್ತ ಇಡುತ್ತಾರೆ. ನಾನು ಬಯಲಿನಲ್ಲಿ ಹೊಗೆ ಹಾಕುವವನು. ಹಸಿ ಸೊಪ್ಪು ಸುಟ್ಟು, ಗಾಳಿ ಯಾವ ಕಡೆಯಿಂದ ಬರುತ್ತಿದೆಯೆಂದು ಮೇಲಿದ್ದವರಿಗೆ ತೋರಿಸುವುದು ನನ್ನ ಕೆಲಸ. ಹೆಸರು ಕೆಂಚಪ್ಪ. ಈಗ ಹೇಳಹೊರಟಿರುವುದು ನನ್ನ ಕಥೆಯಲ್ಲ, ನನ್ನ ಅಕ್ಕ ಭಾಗೀರಥಿಯದು. ಇದರಲ್ಲಿ ನಾನು ಕಣ್ಣಾರೆ ಕಂಡದ್ದು ಸ್ವಲ್ಪ; ಉಳಿದದ್ದೆಲ್ಲ ಅವಳು ಕೊಡೆ ಮಡಚುತ್ತ ನನಗೆ ಹೇಳಿದ್ದು.

ನಮ್ಮವ್ವ ಸಾಕಮ್ಮ ಮದುವೆಯಾಗಿ ಈ ಊರಿಗೆ ಬಂದವಳು, ಎಂದರೆ ಬಿದ್ದವಳು. ಹದಿನೆಂಟರ ಹುಡುಗಿ ಮೊದಲ ಸಲಕ್ಕೇ ಬಯಲಿನ ನಟ್ಟನಡುವೆ ಕಾಲೂರಿದ್ದನ್ನು ಹಳಬರು ಇಂದಿಗೂ ಹೇಳುತ್ತಾರೆ. ಆಮೇಲೆ ತವರಿಗೆ ಹೋದಾಗಲೆಲ್ಲ ಹೀಗೇ ಬಂದು ಒಟ್ಟು ಹದಿನಾಲ್ಕು ಸಲ ಹಾರಿದ್ದಳು. ಅರವತ್ತೆರಡನೆಯ ವಯಸ್ಸಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಕುರ್ಚಿಗೆ ಬಿದಿರಿನ ಗಳ ಕಟ್ಟಿ, ನಾಲ್ಕು ಜನ ಹೊತ್ತು ಕಾಲುದಾರಿಯಲ್ಲಿ ಕೆಳಗೆ ಇಳಿಸಿದೆವು. ಆಸ್ಪತ್ರೆಯಲ್ಲಿ ಕಬ್ಬಿಣದ ಸರಳು ಹಾಕಿ ಕೂಡಿಸಿದರು. ಕೋಲೂರಿ ನಡೆಯುವಂತಾಯಿತು. ಆದರೆ ಡಾಕ್ಟರು, ಇನ್ನು ಹಾರುವ ಮಾತು ಬೇಡ, ನೆಲಕ್ಕೆ ಕಾಲು ಬಡಿದರೆ ಮತ್ತೆ ಕೂಡಿಸಲಾಗದು ಎಂದರು.

ಅಂಥವರಿಗಾಗಿ ಕೆಳಗೆ ವಿಮಾನ ಏರಿಳಿಯುವ ಪಟ್ಟಿಯ ಪಕ್ಕ ಒಂದು ತಂಗುಮನೆಯಿದೆ. ಹೆಂಚಿನ ಮಾಡು, ಉದ್ದನೆಯ ಪಡಸಾಲೆ, ಒಂದೇ ಸಾಲಿನಲ್ಲಿ ಹಾಸಿಗೆಗಳು. ಕಾಲು ಹೋದವರು, ಎದೆ ನೋವಿನವರು, ಕಣ್ಣು ಮಂಜಾದವರು ಅಲ್ಲಿ ಉಳಿಯುತ್ತಾರೆ. ಅವ್ವ ಹೋದಾಗ ಹತ್ತು ಜನರಿದ್ದರು. ಎಲ್ಲರೂ ಬೆಳಿಗ್ಗೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು, ಮನೆಗೆ ಹೊರಟವರು ವಿಮಾನ ಹತ್ತುವುದನ್ನು ನೋಡುತ್ತಿದ್ದರು.

ಅಕ್ಕ ಊರಿನ ಮಡಿಕೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಕೆಂಪು ಹೆಂಚಿನ ಆ ಕಟ್ಟಡದಲ್ಲಿ ಊರಿನ ಕೊಡೆಗಳನ್ನೆಲ್ಲ ಬಿಚ್ಚಿ, ನೋಡಿ, ಮಡಚಿ ಇಡುತ್ತಾರೆ. ಮದುವೆಯ ಗೋಜಿಗೆ ಅವಳು ಹೋಗಿರಲಿಲ್ಲ. ತಿಂಗಳಿಗೊಮ್ಮೆ ನಡೆದು ಕೆಳಗೆ ಹೋಗಿ, ಎರಡು ದಿನ ಅವ್ವನ ಜೊತೆಗಿದ್ದು, ಮೂರನೆಯ ದಿನ ಹಾರಿ ಬರುತ್ತಿದ್ದಳು. ಮೊದಮೊದಲು ಅವ್ವ ಕೋಲೂರಿಕೊಂಡು ವಿಮಾನದ ತನಕ ಬಂದು ಕೈಬೀಸುತ್ತಿದ್ದಳು. ಮೂರು ವರ್ಷದ ಮೇಲೆ ಬಾಗಿಲಲ್ಲೇ ನಿಂತು ಕೈಬೀಸಿದಳು. ಆರನೆಯ ವರ್ಷ ಒಂದು ದಿನ ಅಕ್ಕ ವಿಮಾನದ ಕಿಟಕಿಯಿಂದ ನೋಡಿದರೆ ಅವ್ವ ಗೋಡೆಯ ಕಡೆ ಮುಖ ಮಾಡಿ ಅವರೆಕಾಯಿ ಸುಲಿಯುತ್ತಿದ್ದಳು.

ಅಂದು ಇಳಿದ ಅಕ್ಕ ಕೊಡೆಯನ್ನೂ ಮಡಚದೆ ಮನೆಗೆ ಹೋದಳು. ಮುಂದಿನ ತಿಂಗಳು ವಿಮಾನ ಓಡಿಸುವ ಬೋಪಯ್ಯನವರನ್ನು, ಒಂದೇ ಕೊಡೆಯಲ್ಲಿ ಇಬ್ಬರು ಬರಲಾಗುವುದಿಲ್ಲವೇ ಎಂದು ಕೇಳಿದಳು. ಬೋಪಯ್ಯ ಸೇನೆಯಲ್ಲಿದ್ದು ಬಂದವರು, ಲೋಕ ಕಂಡವರು. ಹೊರಗೆ ಅಂಥ ಜೋಡಿ ಕೊಡೆಗಳಿವೆ, ಒಬ್ಬರನ್ನು ಎದೆಗೆ ಕಟ್ಟಿಕೊಂಡು ಇನ್ನೊಬ್ಬರು ಹಾರುತ್ತಾರೆ, ಆದರೆ ಹಾಗೆ ಇನ್ನೊಂದು ಜೀವವನ್ನು ಹೊತ್ತು ಹಾರಲು ಮೂರು ವರ್ಷ ಪಳಗಿರಬೇಕು, ಐನೂರು ಸಲ ಹಾರಿರಬೇಕು, ಅದೆಲ್ಲ ಪುಸ್ತಕದಲ್ಲಿ ದಾಖಲಾಗಿರಬೇಕು ಎಂದರು. ಅಕ್ಕ ಅಷ್ಟು ಹೊತ್ತಿಗೆ ಇನ್ನೂರು ಸಲವಾದರೂ ಹಾರಿದ್ದಳು. ಆದರೆ ಮನೆಗೆ ಬಂದದ್ದನ್ನು ನಮ್ಮೂರಲ್ಲಿ ಯಾರು ಬರೆದಿಡುತ್ತಾರೆ? ಒಂದರಿಂದ ಶುರುಮಾಡಬೇಕಾಯಿತು.

ಮೊದಲು ಅವಳು ಹೋದದ್ದು ಮೈಸೂರಿಗೆ. ಬೆಟ್ಟದ ಬುಡದ ಬಯಲಿನಲ್ಲಿ ಆಗ ಜಿಗಿತದ ಶಿಬಿರ ನಡೆದಿತ್ತು. ಅಕ್ಕ ಹಾರಿದಳು, ಇಳಿದಳು, ಕೊಡೆ ಒಟ್ಟುಮಾಡಿಕೊಂಡು ಸುತ್ತ ನೋಡಿದಳು. ಅರ್ಧ ಗಂಟೆಯ ಹಿಂದೆ ತಾನು ವಿಮಾನ ಹತ್ತಿದ ಜಾಗದಲ್ಲೇ ನಿಂತಿದ್ದಳು. ಜೊತೆಗೆ ಹಾರಿದ ಬ್ಯಾಂಕಿನ ಗುಮಾಸ್ತರೊಬ್ಬರು ಕುಣಿದಾಡುತ್ತ ಬಂದು ಹೇಗಿತ್ತು ಎಂದು ಕೇಳಿದರು. ಇವಳು, ನಿಮ್ಮ ಮನೆ ಇಲ್ಲೇ ಹತ್ತಿರವೇ ಎಂದು ಕೇಳಿದಳು. ಅವರ ಮನೆ ದಾವಣಗೆರೆಯಲ್ಲಿತ್ತು. ಆ ರಾತ್ರಿ ಅವ್ವನಿಗೆ ಬರೆದ ಪತ್ರದಲ್ಲಿ ಇದ್ದದ್ದು ಇದೇ: ಇಲ್ಲಿ ಜನ ಹತ್ತಿದಲ್ಲೇ ಇಳಿಯುತ್ತಾರೆ, ಇಳಿದು ಮತ್ತೆ ಹತ್ತುತ್ತಾರೆ, ಯಾರೂ ಎಲ್ಲಿಗೂ ಹೋಗುವುದಿಲ್ಲ.

ಅವ್ವನಿಗೆ ಓದು ಬಾರದು. ಪತ್ರ ಓದಿ ಹೇಳುತ್ತಿದ್ದವಳು ಜೈಬುನ್ನಿಸಾ. ವಿಮಾನದ ಪಟ್ಟಿಯ ಪಕ್ಕದಲ್ಲಿ ಚಹಾ, ಉಪ್ಪಿಟ್ಟು ಮಾರುವ ಅಂಗಡಿ ಅವಳದು. ಅವಳು ಕೆಳಗಿನವಳೇ, ನಮ್ಮೂರನ್ನು ಕಂಡವಳಲ್ಲ. ದಿನಾ ನಮ್ಮ ಜನ ವಿಮಾನ ಹತ್ತುವುದನ್ನು ನೋಡುತ್ತ ಮುಪ್ಪಾಗುತ್ತಿದ್ದಳು. ಅವ್ವ ಬೆಳಿಗ್ಗೆ ಅವಳಿಗೆ ಈರುಳ್ಳಿ ಹೆಚ್ಚಿಕೊಡುತ್ತಿದ್ದಳು, ಮಧ್ಯಾಹ್ನ ಇಬ್ಬರೂ ಅಂಗಡಿಯ ಹಿಂದೆ ಕೂತು ಕವಡೆ ಆಡುತ್ತಿದ್ದರು. ಮೈಸೂರಿನ ಪತ್ರ ಓದಿದ ದಿನ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ.

ಶಿಬಿರ ಮುಗಿದ ಮೇಲೆ ಅಕ್ಕ ಹೊರದೇಶಗಳಿಗೆ ಹೋದಳು. ದಾರಿ ಮಾಡಿಕೊಟ್ಟದ್ದು ಅವಳ ಮಡಿಕೆ. ಹಾರುವ ಹುರುಪು ಎಲ್ಲ ಕಡೆಯೂ ಇದೆ, ಕೂತು ಮಡಚುವ ತಾಳ್ಮೆ ಕಡಿಮೆ. ಅಕ್ಕ ಹತ್ತು ಕೊಡೆ ಮಡಚಿಕೊಟ್ಟರೆ ಅವಳಿಗೆ ಒಂದು ಜಿಗಿತ. ಥಾಯ್ಲೆಂಡಿನಲ್ಲಿ ಅನಾನಸ್ ತೋಟಗಳ ನಡುವಿನ ಬಯಲು. ಅಲ್ಲಿ ಮಳೆಮೋಡಗಳ ನಡುವೆ ಸಂದಿ ಹುಡುಕಿ ಹಾರಲು ಕಲಿತಳು. ದುಬೈಯಲ್ಲಿ ಮರುಭೂಮಿ. ಮರಳಿನಿಂದ ಏಳುವ ಬಿಸಿಗಾಳಿ ಇಳಿಯುವವರನ್ನು ಮತ್ತೆ ಮೇಲಕ್ಕೆ ಎತ್ತುತ್ತದಂತೆ, ಸೂರ್ಯ ಹುಟ್ಟುವ ಮೊದಲೇ ಸಾಲು ನಿಲ್ಲಬೇಕಂತೆ. ಎಲ್ಲಿ ಹೋದರೂ ಇಳಿದ ಮೊದಲ ಗಳಿಗೆ ಅವಳು ಸುಮ್ಮನೆ ನಿಂತು ಸುತ್ತ ನೋಡುತ್ತಿದ್ದಳು. ಎದುರುಗೊಳ್ಳಲು ಯಾರೂ ಬಂದಿರುತ್ತಿರಲಿಲ್ಲ. ಆಮೇಲೆ ಪುಸ್ತಕದಲ್ಲಿ ಒಂದು ಸಾಲು ಬರೆದು, ಮಡಚಲು ಕೂರುತ್ತಿದ್ದಳು.

ಕೊನೆಯ ಒಂದೂವರೆ ವರ್ಷ ಅವಳಿದ್ದದ್ದು ಸ್ಪೇನಿನಲ್ಲಿ, ಕಡಲಂಚಿನ ಒಂದು ಬಯಲಿನಲ್ಲಿ. ಅಲ್ಲಿ ಇನೆಸ್ ಎಂಬ ಹೆಂಗಸು ಜೋಡಿ ಜಿಗಿತ ಕಲಿಸುತ್ತಿದ್ದಳು. ಐವತ್ತು ದಾಟಿದವಳು, ತೆಳ್ಳಗೆ, ಮಾತು ಕಡಿಮೆ. ನಡೆಯಲಾಗದವರನ್ನೂ ಹೊತ್ತು ಹಾರುವುದು ಅವಳ ವಿಶೇಷ. ಅಕ್ಕ ತನ್ನ ಹರುಕುಮುರುಕು ಇಂಗ್ಲಿಷಿನಲ್ಲಿ, ನಮ್ಮ ತಾಯಿಯನ್ನು ಮನೆಗೆ ಕರೆದುಕೊಂಡು ಹೋಗಬೇಕು ಎಂದಳು. ಊರು ಎಂಥದು, ಯಾಕೆ ಹಾಗೆ ಎಂದು ಇನೆಸ್ ಕೇಳಲಿಲ್ಲ. ತಾಯಿಯ ತೂಕ ಎಷ್ಟು, ಮುರಿದದ್ದು ಯಾವ ಕಾಲು, ಮಂಡಿ ಎಷ್ಟು ಮಡಚುತ್ತದೆ ಎಂದು ಕೇಳಿದಳು. ಮಂಡಿಯ ಹಿಂದೆ ಅಗಲವಾದ ಪಟ್ಟಿ ಹಾಕಿ, ಅದಕ್ಕೆ ಹಿಡಿಕೆ ಹೊಲಿದು, ನೆಲ ಹತ್ತಿರವಾದಾಗ ಎಳೆದು ಕಾಲುಗಳನ್ನು ಎತ್ತಿ ಹಿಡಿಯುವುದನ್ನು ತೋರಿಸಿಕೊಟ್ಟಳು. ಕಾಲು ತಾಗಬಾರದು, ಕೂತಲ್ಲೇ ಜಾರಿಕೊಂಡು ಹೋಗಿ ನಿಲ್ಲಬೇಕು. ಅಕ್ಕ ಮರಳು ತುಂಬಿದ ಚೀಲವನ್ನು ಎದೆಗೆ ಕಟ್ಟಿಕೊಂಡು ನೆಲದ ಮೇಲೆ ಎಷ್ಟು ಸಲ ಜಾರಿದಳೋ ಲೆಕ್ಕವಿಲ್ಲ.

ಅಲ್ಲೇ ಒಂದು ಸಂಜೆ ಆಗಬಾರದ್ದೊಂದು ಆಯಿತು ಎಂದಳು ಅಕ್ಕ. ಕೆಲಸ ಮುಗಿದಿತ್ತು. ವಿಮಾನದಲ್ಲಿ ಒಂದು ಜಾಗ ಖಾಲಿ ಇದೆ, ಬಾ ಎಂದು ಜೊತೆಯವರು ಕರೆದರು. ಎಂಟು ಜನ ಹಾರಿ, ಗಾಳಿಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ವೃತ್ತವಾದರು. ಒಂದು ಕಡೆ ಕಡಲು, ಒಂದು ಕಡೆ ಹಿಮದ ಬೆಟ್ಟ, ಎದುರಿಗೆ ಏಳು ಮುಖಗಳು. ಅಕ್ಕ ನಕ್ಕಳು. ಮೂವತ್ತು ಸೆಕೆಂಡಿನಷ್ಟು ಹೊತ್ತು ಅವಳಿಗೆ ಅವ್ವನ ನೆನಪು ಬರಲಿಲ್ಲ, ಊರಿನ ನೆನಪೂ ಬರಲಿಲ್ಲ. ಇಳಿದ ಮೇಲೆ ಯಾರ ಬುತ್ತಿಯನ್ನೋ ಕದ್ದು ಉಂಡವಳಂತೆ ಮೂಲೆಯಲ್ಲಿ ಕೂತಿದ್ದಳಂತೆ. ಮಾರನೆಯ ಸಂಜೆ ಮತ್ತೆ ಹಾರಿದಳು. ಅದರ ಮಾರನೆಯ ಸಂಜೆಯೂ.

ಐನೂರು ಮುಗಿದು, ಮೂರು ವರ್ಷ ತುಂಬಿ, ಕೈಗೆ ಸರ್ಟಿಫಿಕೇಟು ಬಂದ ದಿನ ಇನೆಸ್ ಅವಳನ್ನು ಇಲ್ಲೇ ಇರು, ಇಬ್ಬರೂ ಸೇರಿ ಕಲಿಸೋಣ ಎಂದು ಕೇಳಿದಳು. ಅಕ್ಕ ಒಂದು ತಿಂಗಳು ಉತ್ತರ ಕೊಡಲಿಲ್ಲ. ಒಂದು ಭಾನುವಾರ ಜೈಬುನ್‌ಳ ಫೋನಿಗೆ ಕರೆ ಮಾಡಿದಳು. ಅವ್ವ ಚೆನ್ನಾಗಿಯೇ ಮಾತಾಡಿದಳು. ಅಂಗಡಿಗೆ ಹೊಸ ಬೆಂಚು ಬಂದದ್ದು, ತಂಗುಮನೆಯ ಹಿಂದೆ ಬಸಳೆ ಬಳ್ಳಿ ಹಬ್ಬಿದ್ದು, ಎಲ್ಲ ಹೇಳಿದಳು. ಫೋನು ಇಟ್ಟ ಮೇಲೆ ಅಕ್ಕನಿಗೆ ಹೊಳೆಯಿತು: ಯಾವಾಗ ಬರುತ್ತೀ ಎಂದು ಅವ್ವ ಕೇಳಲೇ ಇಲ್ಲ. ಹಿಂದಿನ ಸಲವೂ ಕೇಳಿರಲಿಲ್ಲ. ಅದೇ ವಾರ ಅವಳು ಹೊರಟಳು. ಇನೆಸ್ ತಡೆಯಲಿಲ್ಲ. ತನ್ನ ಹಳೆಯ ಜೋಡಿ ಕೊಡೆಯೊಂದನ್ನು ಕೊಟ್ಟು, ಮಂಡಿಯ ಪಟ್ಟಿಗೆ ಎರಡನೆಯ ಹೊಲಿಗೆ ಹಾಕು ಎಂದಷ್ಟೇ ಹೇಳಿದಳು.

ಅಕ್ಕ ಬಂದಾಗ ಒಪ್ಪದವನು ನಾನು. ಕೆಳಗೆ ತಂಗುಮನೆಗೇ ಹೋಗಿ ಜಗಳವಾಡಿದೆ. ಅವ್ವನಿಗೆ ಆಗ ಎಪ್ಪತ್ತೊಂದು. ಕೆಳಗೆ ಹೇಗೋ ಓಡಾಡಿಕೊಂಡಿದ್ದಾಳೆ, ಇಳಿಯುವಾಗ ಕಾಲು ಮುರಿದರೆ ಹಾಸಿಗೆ ಹಿಡಿಯುತ್ತಾಳೆ, ಆಸ್ಪತ್ರೆಯೋ ಈ ಕಡೆ, ನಾವೋ ಆ ಕಡೆ ಎಂದೆ. ಅಕ್ಕ ತಲೆ ತಗ್ಗಿಸಿ ಮಂಡಿಯ ಪಟ್ಟಿಗೆ ಎರಡನೆಯ ಹೊಲಿಗೆ ಹಾಕುತ್ತಿದ್ದಳು.

ಅವ್ವ ಇಬ್ಬರ ಮುಖವನ್ನೂ ನೋಡಿದಳು. "ಕಾಲು ನಂದು ಕಣ್ರಪ್ಪ. ನನ್ನ ಒಂದು ಮಾತು ಕೇಳಿ ಆಮೇಲೆ ಕಿತ್ತಾಡಿ," ಎಂದಳು. ಅವಳು ಪಕ್ಕದ ಜೈಬುನ್‌ಳ ಅಂಗಡಿಯ ಹೊಸ ಬೆಂಚಿನ ಮೇಲೆ ಹೋಗಿ ಕೂತು, ಅಕ್ಕ ಹೇಳಿಕೊಟ್ಟ ಹಾಗೆ ಮಂಡಿ ಎತ್ತಿ ತೋರಿಸಿದಳು. ಎತ್ತಿದ್ದನ್ನು ನೂರು ಎಣಿಸುವ ತನಕ ಇಳಿಸಲಿಲ್ಲ. ನಾನು ಬಂದದ್ದಕ್ಕಿಂತ ಹದಿನೈದು ದಿನ ಮುಂಚಿನಿಂದಲೇ ಅವಳು ದಿನಾ ಬೆಳಿಗ್ಗೆ ಇದನ್ನು ಮಾಡುತ್ತಿದ್ದಳಂತೆ.

ಹಾರುವ ದಿನ ನಾನು ಮೇಲೆ ಬಯಲಿನಲ್ಲಿದ್ದೆ. ಕೆಳಗೆ ನಡೆದದ್ದನ್ನು ಆಮೇಲೆ ಬೋಪಯ್ಯ ಹೇಳಿದರು. ಜೈಬುನ್ ಅಂಗಡಿಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಗಾಳಿಗೆ ಹಾರಿ ಮಗಳ ಮುಖಕ್ಕೆ ಬಡಿಯಬಾರದೆಂದು ಅವ್ವನ ಕೂದಲನ್ನು ಬಿಗಿಯಾಗಿ ಹೆಣೆದು ಕಟ್ಟಿದಳು. ವಿಮಾನ ಹೊರಟಾಗ ಜೈಬುನ್ ನಿಂತು ನೋಡಲಿಲ್ಲ, ಒಲೆಯ ಮುಂದೆ ಹೋಗಿ ಕೂತಳು.

ಹತ್ತು ಸಾವಿರ ಅಡಿಯ ಮೇಲೆ ಬಾಗಿಲು ತೆರೆಯಿತು. ಅಕ್ಕ ಅವ್ವನನ್ನು ಎದೆಗೆ ಕಟ್ಟಿಕೊಂಡು ಅಂಚಿಗೆ ಜರುಗಿದಳು. ಅವ್ವ ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಬಿಟ್ಟಳು. ಐನೂರು ಜಿಗಿತದಲ್ಲಿ ಕಲಿತದ್ದೆಲ್ಲ ಆ ಗಳಿಗೆ ಅಕ್ಕನಿಗೆ ಮರೆತುಹೋಯಿತು. ಆ ಬೆರಳುಗಳನ್ನು ಬಿಡಿಸುವುದು ಹೇಗೆಂದು ತಿಳಿಯಲಿಲ್ಲ. ಹೆದರಿಕೆಯಾದರೆ ವಾಪಸು ಹೋಗೋಣ ಎಂದು ಕಿವಿಯಲ್ಲಿ ಕೂಗಿ ಹೇಳಿದಳು.

"ಹೆದರಿಕೆ ಅಲ್ಲ ಕಣೆ," ಎಂದಳು ಅವ್ವ. "ಒಂಬತ್ತು ವರ್ಸ ಆಯ್ತು. ಒಸಿ ನೋಡ್ಕತೀನಿ, ತಡಿ."

ಬೋಪಯ್ಯ ವಿಮಾನವನ್ನು ಮತ್ತೊಂದು ಸುತ್ತು ತಿರುಗಿಸಿದರು. ಅವ್ವ ನೋಡಿದಳು. ಆಮೇಲೆ ತಾನಾಗಿಯೇ ಕೈಬಿಟ್ಟು, ಸೆರಗು ಸಿಕ್ಕಿಸಿದ ಎದೆಯ ಮೇಲೆ ಕೈಕಟ್ಟಿಕೊಂಡಳು.

ಬೀಳುವಾಗ ಏನಾಯಿತೆಂದು ಅಕ್ಕ ಹೇಳಲಿಲ್ಲ, ಅದು ಅವರಿಬ್ಬರದು. ಕೊಡೆ ಬಿಚ್ಚಿ ಗಾಳಿಯ ಸದ್ದು ಅಡಗಿದ ಮೇಲೆ ಅವ್ವ ಆಡಿದ ಮೊದಲ ಮಾತು, ಹಗ್ಗ ಇತ್ತ ಕೊಡು ಎಂದು. ಅಕ್ಕ ಕೊಡೆ ತಿರುಗಿಸುವ ಎರಡೂ ಹಗ್ಗ ಕೊಟ್ಟಳು. ಅವ್ವ ಎಡಗಡೆಯದನ್ನು ಎಳೆದಳು. ಕೆರೆ, ಮಡಿಕೆಮನೆಯ ಕೆಂಪು ಹೆಂಚು, ನಾನು ಹಾಕಿದ ಹೊಗೆ, ಎಲ್ಲ ಒಂದು ಸುತ್ತು ತಿರುಗಿ ಬಂದವು. ಅವ್ವ ಮತ್ತೆ ಎಳೆದಳು. ಮೂರನೆಯ ಸುತ್ತು ಮುಗಿಯುವಷ್ಟರಲ್ಲಿ ಬಯಲು ಹಿಂದೆ ಸರಿದಿತ್ತು. ಅಕ್ಕ ಹಗ್ಗ ಕಸಿದುಕೊಂಡು ಎದುರಿಗೆ ಸಿಕ್ಕ ಹೊಲದ ಕಡೆ ತಿರುಗಿಸಿದಳು. ಇದೆಲ್ಲ ಕೆಳಗಿದ್ದ ನಮಗೇನು ಗೊತ್ತು? ಹಗ್ಗ ಕೈತಪ್ಪಿದೆಯೆಂದುಕೊಂಡು ನಾನು, ನನ್ನ ಹೆಂಡತಿ ಪುಟ್ಟಲಕ್ಷ್ಮಿ, ಇನ್ನೂ ಹತ್ತಾರು ಜನ ಬದುಗಳನ್ನು ಹಾರಿ ಓಡಿದೆವು.

ನಾವು ತಲುಪುವಷ್ಟರಲ್ಲಿ ಅವರು ಇಳಿದಿದ್ದರು. ಹೊಲದ ನಡುವೆ ಹತ್ತು ಮಾರು ಉದ್ದಕ್ಕೆ ಹುರುಳಿ ಪೈರು ಮಲಗಿತ್ತು. ಅದರ ತುದಿಯಲ್ಲಿ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಕೂತಿದ್ದರು. ಅಕ್ಕ ಪಟ್ಟಿಯ ಹಿಡಿಕೆಯನ್ನು ಇನ್ನೂ ಎಳೆದು ಹಿಡಿದೇ ಇದ್ದಳು. ಅವ್ವನ ಕಾಲು ನೆಲದಿಂದ ಒಂದು ಗೇಣು ಮೇಲಿತ್ತು. ಅವ್ವ ಕಣ್ಣು ಮುಚ್ಚಿದ್ದಳು. ಅವ್ವಾ, ಕಾಲು ಹೇಗಿದೆ ಎಂದು ಅಕ್ಕ ಎರಡು ಸಲ ಕೇಳಿದಳು.

ಅವ್ವ ಕಣ್ಣು ಬಿಟ್ಟು, ಕೈಗೆ ಸಿಕ್ಕ ಬಳ್ಳಿಯೊಂದನ್ನು ಎತ್ತಿ ನೋಡಿದಳು. "ಕಾಲಿಗೇನಾಗದೆ? ನೆಟ್ಟಗದೆ. ಈ ಹುಳ್ಳಿ ಯಾರ್ದು? ಇಷ್ಟು ಒತ್ತಾಗಿ ಚೆಲ್ಲವ್ರಲ್ಲ," ಎಂದಳು. ಆಗ ಅಕ್ಕ ಹಿಡಿಕೆ ಬಿಟ್ಟು, ಅವ್ವನ ಬೆನ್ನಿಗೆ ಮುಖ ಒತ್ತಿಕೊಂಡು ಅತ್ತಳು. ಕಟ್ಟಿದ ಪಟ್ಟಿಗಳನ್ನು ನಾವೇ ಬಿಚ್ಚಬೇಕಾಯಿತು.

ಆಮೇಲಿನ ಎರಡು ತಿಂಗಳು ಅಕ್ಕನಿಗೆ ಬಿಡುವಿರಲಿಲ್ಲ. ತಂಗುಮನೆಯಲ್ಲಿದ್ದ ಉಳಿದವರನ್ನು ಒಬ್ಬೊಬ್ಬರಾಗಿ ಹೊತ್ತು ತಂದಳು. ಬಯಲಿನಲ್ಲಿ ಪ್ರತಿ ಸಲವೂ ಒಂದಲ್ಲ ಒಂದು ಮನೆಯವರು ಬಿಸಿನೀರು, ಬೆಲ್ಲ ಹಿಡಿದು ಕಾದು ನಿಂತಿರುತ್ತಿದ್ದರು. ಅವರಲ್ಲಿ ಹಿಂದೆ ಅಂಚೆಯ ಕೆಲಸದಲ್ಲಿದ್ದ ಕಾಳಪ್ಪ ಒಬ್ಬ ಮಾತ್ರ ಬರುವುದಿಲ್ಲವೆಂದ. ಅವನನ್ನು ಯಾರೂ ಬಲವಂತ ಮಾಡಲಿಲ್ಲ.

ಅವ್ವ ಮನೆಯಲ್ಲಿ ಸುಖವಾಗಿಯೇ ಇದ್ದಳು. ಮೊದಲ ವಾರವಿಡೀ ಜಗಲಿಯ ತುಂಬ ಜನ. ಪುಟ್ಟಲಕ್ಷ್ಮಿ ಅತ್ತೆ ಕೇಳಿದ್ದನ್ನೆಲ್ಲ ಮಾಡಿ ಬಡಿಸಿದಳು. ಆದರೆ ದಿನ ಕಳೆದಂತೆ ಅವ್ವ ಕೋಲೂರಿಕೊಂಡು ಬಯಲಿಗೆ ಬಂದು ನನ್ನ ಪಕ್ಕದಲ್ಲಿ ಕೂರಲು ಶುರುಮಾಡಿದಳು. ಇಳಿದವರನ್ನೆಲ್ಲ ಹತ್ತಿರ ಕರೆದು, ಅಂಗಡಿಯಲ್ಲಿ ಜನ ಇದ್ದರೇ, ಜೈಬುನ್‌ಳ ಮಂಡಿ ನೋವು ಹೇಗಿದೆ, ಈರುಳ್ಳಿ ಹೆಚ್ಚಲು ಯಾರು ಸಿಕ್ಕಿದ್ದಾರೆ ಎಂದು ವಿಚಾರಿಸುತ್ತಿದ್ದಳು. ಒಂದು ಸಂಜೆ ಅಕ್ಕ ಕೊನೆಯವರನ್ನು ಇಳಿಸಿ ಬಂದು ಕೈಕಾಲು ತೊಳೆಯುತ್ತಿದ್ದಾಗ, ನಾನು ಒಂದು ಸಲ ಕೆಳಗೆ ಹೋಗಿ ಬರುತ್ತೇನೆ ಎಂದಳು ಅವ್ವ.

ಅಕ್ಕ ಚೊಂಬು ಕೆಳಗಿಟ್ಟಳು. "ನಾನು ಮೂರು ವರ್ಷ ಊರೂರು ಅಲೆದದ್ದು ಇದಕ್ಕಾ?" ಎಂದಳು. ಅಲ್ಲಿ ತನ್ನನ್ನು ಇರು ಎಂದವರಿದ್ದರು, ತನಗೂ ಇರಬೇಕೆನಿಸಿತ್ತು ಎಂಬುದನ್ನು ಆಗಲೇ ಮೊದಲ ಸಲ ನಮ್ಮೆದುರು ಹೇಳಿದಳು.

ಅವ್ವ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ಒಂಬತ್ತು ವರ್ಸ ನಾನು ಬರಕ್ಕಾಗ್ದೆ ಅಲ್ಲಿದ್ದೆ. ಈಗ ಹೋಗಕ್ಕಾಗ್ದೆ ಇಲ್ಲಿರ್ಲಾ? ನೀನು ನನ್ನ ತಂದು ಇಲ್ಲಿ ಇಟ್ಟೆ ಅನ್ಕಂಡಿದ್ದೀಯ. ಇಟ್ಟಿದ್ದಲ್ಲ ಮಗ, ದಾರಿ ಮಾಡ್ಕೊಟ್ಟೆ. ನಿಂಗೂ ಅಷ್ಟೇಯ. ಬೇಕು ಅನ್ಸಿದ್ರೆ ಆ ಸ್ಪೇನಿಗೂ ಹೋಗಿ ಬಾ. ಹೋಗಿ ಬರೋದು ಅಂದ್ರೇನು ಅಂತ ಕಾಲು ಹೋದ ನಮ್ಮಂತೋರಿಗೆ ನೀನು ಬರೋಗಂಟ ಗೊತ್ತಿರ್ಲಿಲ್ಲ."

ಅಕ್ಕ ಎದ್ದು ಮಡಿಕೆಮನೆಗೆ ಹೋದಳು. ಅಲ್ಲಿದ್ದವರು ಹೇಳಿದಂತೆ, ಒಂದೇ ಕೊಡೆಯನ್ನು ಮೂರು ಸಲ ಬಿಚ್ಚಿ ಮೂರು ಸಲ ಮಡಚಿದಳಂತೆ. ಬೆಳಿಗ್ಗೆ ಬಂದು, ಮುಂಗಾರು ಶುರುವಾಗುವ ಮೊದಲು ವಾಪಸು ಬರಬೇಕು, ಮಳೆಗಾಳಿಯಲ್ಲಿ ತನ್ನಿಂದ ಹೊರಲಾಗದು ಎಂದಳು. ಅವ್ವ ಒಪ್ಪಿದಳು. ಬರುವಾಗ ಜೈಬುನ್‌ಳೂ ಬರುತ್ತಾಳೆ, ಅವಳಿಗೆ ನಮ್ಮೂರು ನೋಡಬೇಕಂತೆ ಎಂದು ಸೇರಿಸಿದಳು. ಅವಳ ತೂಕ ಎಷ್ಟಿರಬಹುದು ಎಂದು ಅಕ್ಕ ಕೇಳಿದಳು. ಅದು ನೀನುಂಟು ಅವಳುಂಟು ಎಂದಳು ಅವ್ವ.

ಹೊರಟ ದಿನ ಕುರ್ಚಿ ಹೊತ್ತವರಲ್ಲಿ ನಾನೂ ಒಬ್ಬ. ಊರು ಬಿಟ್ಟು ಎರಡು ಫರ್ಲಾಂಗು ಹೋದ ಮೇಲೆ ಕಾಲುದಾರಿ ಒಂದು ಬಂಡೆಯನ್ನು ಸುತ್ತುತ್ತದೆ. ಅಲ್ಲಿಂದ ಮುಂದೆ ಊರು ಕಾಣುವುದಿಲ್ಲ. ಹೊರಟವರು ಯಾರೇ ಆಗಲಿ ಅಲ್ಲಿ ನಿಂತು, ಊರಿನ ಕಡೆ ತಿರುಗಿ ಕೈಮುಗಿದು, ಕಣ್ತುಂಬ ನೋಡಿ ಹೋಗುವುದು ವಾಡಿಕೆ. ಮತ್ತೆ ಕಾಣುತ್ತೇವೋ ಇಲ್ಲವೋ ಎಂಬುದು ಯಾರಿಗೂ ಗೊತ್ತಿರುವುದಿಲ್ಲವಲ್ಲ. ನಾವು ರೂಢಿಯಂತೆ ಕುರ್ಚಿಯನ್ನು ಇಳಿಸಿ, ಊರಿನ ಕಡೆ ತಿರುಗಿಸಿ ಇಟ್ಟೆವು. ಅವ್ವ ಕತ್ತು ಹೊರಳಿಸಿ ಕೆಳಗಿನ ದಾರಿಯನ್ನೇ ನೋಡುತ್ತಿದ್ದಳು.

"ಯಾಕ್ರಪ್ಪ ಇಳಿಸಿದ್ರಿ?" ಎಂದಳು. "ಬಿಸ್ಲು ಏರ್ತದೆ, ನಡೀರಿ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿಂದೆ ನಡೆದು ಬರುತ್ತಿದ್ದ ಅಕ್ಕ ಮುಂದೆ ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿ, ಬಿದಿರಿನ ಗಳಕ್ಕೆ ತಾನೇ ಹೆಗಲು ಕೊಟ್ಟು ಎತ್ತಿದಳು.